ಸೊನ್ನೆ ಕಿಲೋಮೀಟರು, ಸೊನ್ನೆ ನಿಮಿಷ

ನಮ್ಮ ಅಡುಗೆಮನೆಯ ಕಿಟಕಿಗೆ ಚಿಲಕವಿಲ್ಲ. ಇದ್ದ ಚಿಲಕ ಮುರಿದು ವರ್ಷಗಳಾದವು. ಅದರ ಜಾಗದಲ್ಲಿ ಹೋದ ತಿಂಗಳವರೆಗೆ ಗೇಣುದ್ದದ ಒಂದು ಕಬ್ಬಿಣದ ಕಡ್ಡಿ ಸಿಕ್ಕಿಸಿದ್ದೆ. ಒಂದು ತುದಿ ಚೂಪು. ಇನ್ನೊಂದು ತುದಿಯನ್ನು ಬಳೆಯ ಹಾಗೆ ಬಗ್ಗಿಸಿ, ಅದಕ್ಕೊಂದು ಬಟ್ಟೆಯ ಚೂರು ಕಟ್ಟಿತ್ತು. ಆ ಬಟ್ಟೆ ಒಂದು ಕಾಲಕ್ಕೆ ಕೆಂಪಾಗಿತ್ತು ಎಂದು ನಾನು ಹೇಳಿದರೆ ನೀವು ನಂಬಬೇಕು, ನೋಡಿದರೆ ಗೊತ್ತಾಗುತ್ತಿರಲಿಲ್ಲ. "ಒಂದು ಚಿಲಕ ಹಾಕಿಸಬಾರದಾ ಸಾರ್" ಎಂದು ಬಂದವರೆಲ್ಲ ಕೇಳುತ್ತಾರೆ. ಬಂದವರೆಲ್ಲ ಎಂದರೆ ಗ್ಯಾಸ್ ಸಿಲಿಂಡರ್ ತರುವವನು, ಮತ್ತು ವರ್ಷಕ್ಕೊಮ್ಮೆ ಕಂದಾಯದ ಚೀಟಿ ಕೊಡಲು ಬರುವ ನಗರಸಭೆಯವನು. ಹಾಗಾಗಿ ಉತ್ತರ ಹೇಳಬೇಕಾದ ಕಷ್ಟ ಪದೇ ಪದೇ ಬರುವುದಿಲ್ಲ.

ಈ ಕಿಟಕಿಯ ಕೆಳಗೆ ಕೂತು, ಮಧ್ಯಾಹ್ನದ ಊಟವಾದ ಮೇಲೆ, ನಾನೊಂದು ಕೆಲಸ ಮಾಡುತ್ತೇನೆ. ಹೇಳಿದರೆ ನಗುತ್ತೀರಿ. ಫೋನಿನಲ್ಲಿ ಎರಡು ವಿಮಾನ ನಿಲ್ದಾಣಗಳ ಹೆಸರು ಹಾಕಿ, ಅವುಗಳ ನಡುವೆ ದೂರ ಎಷ್ಟು, ಹಾರಿಹೋಗಲು ಎಷ್ಟು ಹೊತ್ತು ಬೇಕು ಎಂದು ನೋಡುತ್ತೇನೆ. ಮೈಸೂರಿನಿಂದ ಚೆನ್ನೈ. ಚೆನ್ನೈನಿಂದ ಸಿಂಗಪುರ. ಸಿಂಗಪುರದಿಂದ ಇನ್ನೆಲ್ಲಿಗೋ. ಆ ಪುಟ ಬೇಸರವಿಲ್ಲದೆ ಲೆಕ್ಕ ಹಾಕಿ ಕೊಡುತ್ತದೆ. ಇಷ್ಟು ಕಿಲೋಮೀಟರು, ಇಷ್ಟು ಮೈಲಿ, ಇಷ್ಟು ಗಂಟೆ ಇಷ್ಟು ನಿಮಿಷ. ಕೆಳಗೊಂದು ಭೂಪಟ, ಅದರ ಮೇಲೊಂದು ಗೆರೆ. ನಾನು ಈವರೆಗೆ ವಿಮಾನ ಹತ್ತಿಲ್ಲ. ಹತ್ತುವ ಆಸೆಯೂ ಇಲ್ಲ. ಮೊಣಕಾಲು ಬಸ್ಸಿನ ಮೆಟ್ಟಿಲಿಗೇ ತಕರಾರು ಮಾಡುತ್ತದೆ.

ವಿಮಾನಕ್ಕೂ ನನಗೂ ಇರುವ ನಂಟೆಂದರೆ ನಮ್ಮ ನಂಜನಗೂಡಿನಿಂದ ಮೈಸೂರಿಗೆ ಹೋಗುವ ಬಸ್ಸು ಮಂಡಕಳ್ಳಿಯ ವಿಮಾನ ನಿಲ್ದಾಣದ ಮುಂದೆಯೇ ಹಾದುಹೋಗುತ್ತದೆ, ಅಷ್ಟೇ. ಅಲ್ಲಿ ವಿಮಾನವೊಂದು ನಿಂತಿದ್ದರೆ ಬಸ್ಸಿನ ಎಡಗಡೆಯವರು ಬಲಗಡೆಗೆ ಬಗ್ಗುತ್ತಾರೆ, ಬಲಗಡೆಯವರು ಬೈಯುತ್ತಾರೆ. ಒಮ್ಮೆ ಚಿಕ್ಕಯ್ಯನಛತ್ರದ ಕಡೆಯ ಒಬ್ಬ ಅಜ್ಜಿ ಕಂಡಕ್ಟರನ್ನು ಕೇಳಿದಳು: "ಇದ್ರೊಳಗೆ ನಿಂತ್ಕಂಡ್ ಓಗ್ಬೋದಾಪ್ಪಾ?" ಅವನು ಚೀಟಿ ಹರಿಯುತ್ತಲೇ ಹೇಳಿದ: "ಸೀಟ್ ಇಲ್ದಿದ್ರೆ ಅತ್ತುಸ್ಕಳಕಿಲ್ಲ ಕಣವ್ವ." ಅಜ್ಜಿಗೆ ವಿಮಾನದ ಮೇಲಿದ್ದ ಗೌರವ ಅಲ್ಲಿಗೆ ಮುಗಿಯಿತು. ಸೀಟಿಲ್ಲದಿದ್ದರೂ ಹತ್ತಿಸಿಕೊಳ್ಳುವ ಬಸ್ಸೇ ಮೇಲು ಎಂದು ಪಕ್ಕದವಳಿಗೆ ಹೇಳಿ ಅಡಿಕೆ ಬಾಯಿಗೆ ಹಾಕಿಕೊಂಡಳು.

ಆದರೆ ದೂರ ಎಂಬುದು ನನ್ನ ಕಸುಬು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಈ ತಾಲ್ಲೂಕಿನಲ್ಲಿ ಮೋಜಿಣಿ ಮಾಡಿದವನು ನಾನು. ಹೊಲ ಅಳೆಯುವುದು, ಗಡಿ ತೋರಿಸುವುದು, ಬಾಂದುಕಲ್ಲು ಹುಡುಕುವುದು. ಹಳ್ಳಿಯವರ ಬಾಯಲ್ಲಿ ನಾನು ಸರ್ವೆ ಸಾಹೇಬ. ಮೂವತ್ತಮೂರು ಅಡಿಯ ಸರಪಳಿ, ಅದಕ್ಕೆ ಹದಿನಾರು ಆಣೆಯ ಭಾಗ. ನನ್ನ ಹೆಂಡತಿ ಶಾರದೆ, "ನಿಮಗೆ ಅನ್ನಾನೂ ಅಳೆದೇ ಬಡಿಸಬೇಕು ಕಣ್ರೀ" ಎಂದು ಹಂಗಿಸುತ್ತಿದ್ದಳು. ಅವಳು ಹೋಗಿ ಮೂರು ವರ್ಷವಾಯಿತು. ಈಗ ಅಳೆಯದೆ ಒಂದು ಲೋಟ ಅಕ್ಕಿ ಹಾಕುತ್ತೇನೆ, ಒಂದೊಂದು ದಿನ ಮಿಕ್ಕುತ್ತದೆ, ರಾತ್ರಿಗೂ ಅದೇ ಆಗುತ್ತದೆ.

ವಿಮಾನದ ಪುಟದ ಮೇಲೆ ಮೊದಮೊದಲು ನನಗೆ ಒಂದು ಸಿಟ್ಟಿತ್ತು. ನೇರ ದೂರ ಎನ್ನುತ್ತದೆ, ಗೆರೆಯನ್ನು ಮಾತ್ರ ಬಿಲ್ಲಿನ ಹಾಗೆ ಬಗ್ಗಿಸಿ ಎಳೆಯುತ್ತದೆ. ಎಂಥ ಸರ್ವೆ ಇದು ಎಂದುಕೊಂಡೆ. ಆಮೇಲೆ ಹೊಳೆಯಿತು, ಭೂಮಿ ಗುಂಡಗಿದೆಯಲ್ಲ. ಸ್ಕೂಲಿನಲ್ಲಿ ಓದಿದ್ದೆ, ಆದರೆ ಕೆಲಸಕ್ಕೆ ಸೇರಿದ ಮೇಲೆ ನಂಜನಗೂಡು ತಾಲ್ಲೂಕನ್ನು ಚಪ್ಪಟೆ ಎಂದೇ ಅಳೆದು ನಿವೃತ್ತನಾದೆ, ಯಾರೂ ಆಕ್ಷೇಪ ಮಾಡಲಿಲ್ಲ.

ಇನ್ನೊಂದು ಅನುಮಾನ ಮಾತ್ರ ಹೋಗಲಿಲ್ಲ. ಅಳೆಯುವುದೆಂದರೆ ಎರಡು ತುದಿ ಬೇಕು. ಈ ತುದಿ ಹಿಡಿಯಲು ಒಬ್ಬ, ಆ ತುದಿ ಹಿಡಿಯಲು ಒಬ್ಬ. ಚೆನ್ನೈಗೂ ಸಿಂಗಪುರಕ್ಕೂ ನಡುವೆ ಆ ತುದಿ ಹಿಡಿದವರು ಯಾರು? ಈಗ ನಮ್ಮ ಇಲಾಖೆಯಲ್ಲೂ ಹೊಸ ಯಂತ್ರ ಬಂದಿದೆ, ಒಬ್ಬನೇ ಹೋಗಿ ಕೋಲು ನೆಟ್ಟು ನಿಂತರೆ ಆಕಾಶದಿಂದಲೇ ಅಳತೆ ಇಳಿಯುತ್ತದಂತೆ. ತಪ್ಪಾಗುವುದೇ ಇಲ್ಲವಂತೆ. ಒಳ್ಳೆಯದೇ. ಆದರೆ ಬಿಸಿಲಲ್ಲಿ ಒಬ್ಬನೇ ಕೋಲು ಹಿಡಿದು ನಿಂತ ಆ ಹುಡುಗರನ್ನು ಕಂಡರೆ ನನಗೆ ಪಾಪ ಎನಿಸುತ್ತದೆ.

ನನ್ನ ಸರಪಳಿಯ ಆ ತುದಿಯಲ್ಲಿ ಇದ್ದವನು ಗುರುಸಿದ್ದಪ್ಪ. ನನಗಿಂತ ನಾಲ್ಕು ವರ್ಷ ದೊಡ್ಡವನು, ಹುದ್ದೆಯಲ್ಲಿ ಕಿರಿಯವನು. ಅವನು ಮುಂದೆ, ನಾನು ಹಿಂದೆ. ಅವನು ಸರಪಳಿ ಬಿಗಿಯಾಗಿ ಎಳೆದು, ತುದಿ ಮುಟ್ಟಿದಲ್ಲಿ ಒಂದು ಕಡ್ಡಿ ನೆಟ್ಟು ಎಣಿಕೆ ಕೂಗುವನು. ನಾನು ಹಿಂದಿನ ಕಡ್ಡಿ ಕಿತ್ತು ಚೀಲಕ್ಕೆ ಹಾಕಿಕೊಂಡು ಮುಂದೆ ನಡೆಯುವೆ. ಕೊನೆಯಲ್ಲಿ ನನ್ನ ಚೀಲದಲ್ಲಿ ಎಷ್ಟು ಕಡ್ಡಿಯೋ ಅಷ್ಟು ಸರಪಳಿ. ಸರ್ಕಾರ ಕೊಟ್ಟಿದ್ದ ಮೊಳದುದ್ದದ ಕಡ್ಡಿಗಳು ಹೊರಲು ಕಷ್ಟವೆಂದು ಅವನೇ ಕುಲುಮೆಯಲ್ಲಿ ಗೇಣುದ್ದದ ಹತ್ತು ಕಡ್ಡಿ ಮಾಡಿಸಿ, ಹೆಂಡತಿಯ ಹಳೇ ಸೀರೆ ಹರಿದು ಒಂದೊಂದಕ್ಕೂ ಕೆಂಪು ಚೂರು ಕಟ್ಟಿದ್ದ. ನಮ್ಮ ಕಿಟಕಿಯಲ್ಲಿದ್ದದ್ದು ಆ ಹತ್ತರಲ್ಲಿ ಒಂದು.

ಅವನ ಎಣಿಕೆ ಕೇಳಬೇಕಿತ್ತು ನೀವು. ಒಂದು ಎನ್ನುತ್ತಿರಲಿಲ್ಲ. ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಕೊಳಗಕ್ಕೆ 'ಲಾಭ' ಎನ್ನುತ್ತಾರಲ್ಲ, ಹಾಗೆ ಅವನು ಮೊದಲ ಸರಪಳಿಗೂ "ಲಾಭಾ..." ಎಂದು ರಾಗವೆಳೆದು ಕೂಗುವನು. ಆಮೇಲೆ ಎರಡು, ಮೂರು, ನಾಲ್ಕು. "ಇದು ಸರ್ಕಾರಿ ಅಳತೆ ಮಾರಾಯ, ರಾಗಿಯಲ್ಲ" ಎಂದು ನಾನು ಮೊದಲ ವರ್ಷವೇ ಹೇಳಿ ನೋಡಿದೆ. "ಭೂಮ್ತಾಯಿ ಅಳೀವಾಗ ಮೊದ್ಲು ಒಳ್ಳೆ ಮಾತ್ ಬರ್ಲಿ ಬುಡಿ ಸಾ" ಎಂದ. ಆ ದನಿ ಎಷ್ಟು ದೂರ ಹೋಗುತ್ತಿತ್ತೆಂದರೆ ಪಕ್ಕದ ಹೊಲದ ಎತ್ತುಗಳು ನಿಲ್ಲುತ್ತಿದ್ದವು. ಹಳ್ಳಿಯಲ್ಲಿ ದಾರಿ ಕೇಳಿದರೆ "ಇಲ್ಲೇ ಸಾ, ಒಂದ್ ಕೂಗಳ್ತೆ" ಎನ್ನುತ್ತಿದ್ದರು. ನಡೆದರೆ ಅರ್ಧ ಮೈಲಿ. ಯಾರ ಕೂಗಿನ ಅಳತೆ ಅದು ಎಂದು ನಾನು ರೇಗಿದರೆ ಸಿದ್ದಪ್ಪ ತನ್ನ ಎದೆ ಮುಟ್ಟಿಕೊಂಡು ನಗುತ್ತಿದ್ದ.

ಮಧ್ಯಾಹ್ನ ಯಾವುದಾದರೂ ಹೊಂಗೆಯ ನೆರಳಲ್ಲಿ ಇಬ್ಬರ ಡಬ್ಬಿ ಬಿಚ್ಚುತ್ತಿದ್ದೆವು. ಅವನ ಮುದ್ದೆ ಅರ್ಧ ನನಗೆ, ನನ್ನ ಚಿತ್ರಾನ್ನ ಅರ್ಧ ಅವನಿಗೆ. ಭಾನುವಾರ ನಮ್ಮ ಮನೆಗೆ ಬಂದರೆ ಶಾರದೆ ಅವನಿಗೆ ದೊಡ್ಡ ಲೋಟದಲ್ಲೇ ಕಾಫಿ ಕೊಡುತ್ತಿದ್ದಳು. ಸ್ನೇಹ ಎಂಬ ಮಾತನ್ನು ನಾವಿಬ್ಬರೂ ಆಡಿರಲಿಲ್ಲ. ಅವನು ಸಾ ಎನ್ನುತ್ತಿದ್ದ, ನಾನು ಸಿದ್ದಪ್ಪ ಎನ್ನುತ್ತಿದ್ದೆ.

ಈಗ ಹದಿನಾರಿನ ಸಂಗತಿ ಹೇಳಬೇಕು. ಹದಿನಾರು ಎಂದರೆ ನಮ್ಮ ತಾಲ್ಲೂಕಿನ ಊರು. ಹದಿನಾರಾಣೆ ಸರಪಳಿ ಹಿಡಿದು ಹದಿನಾರಿಗೆ ಹೊರಟೆವು ಎಂದು ಆ ಬೆಳಿಗ್ಗೆ ಬಸ್ಸಿನಲ್ಲಿ ನಾನೇ ತಮಾಷೆ ಮಾಡಿದ್ದೆ. ಆ ದಿನ ನನ್ನ ನಾಲಿಗೆಗೆ ತಮಾಷೆಯ ಚಪಲ ಹತ್ತಿತ್ತೋ ಏನೋ. ಒಂದು ಹೊಲದ ಬದು ಅಳೆಯಬೇಕಿತ್ತು. ರಾಗಿ ಕೊಯ್ದ ಕೂಳೆ ಹೊಲ, ಸುತ್ತ ಇಪ್ಪತ್ತು ಮೂವತ್ತು ಜನ. ಸಿದ್ದಪ್ಪ ಲಾಭದಿಂದ ಹತ್ತರವರೆಗೆ ಕೂಗಿದ, ಕಡ್ಡಿ ಮುಗಿದು ಕೈ ಖಾಲಿಯಾಯಿತು. ನಾನು ಚೀಲದಿಂದ ಕಡ್ಡಿ ತೆಗೆದು ಎಣಿಸಿದರೆ ಒಂಬತ್ತು. ಮತ್ತೆ ಎಣಿಸಿದೆ. ಒಂಬತ್ತೇ.

"ಒಂಬತ್ತು ಸರಪಳಿ. ಒಂದು ಕಡ್ಡಿ ಎಲ್ಲೋ ಬೀಳಿಸಿಕೊಂಡು ಬಾಯಲ್ಲಿ ಹತ್ತು ಅಂದಿದ್ದೀಯ" ಎಂದೆ.

"ಇಲ್ಲ ಸಾ. ಅತ್ತೇಯ. ನಾನೇ ನೆಟ್ಟಿವ್ನಿ."

"ಕಡ್ಡಿ ಸುಳ್ಳು ಹೇಳುತ್ತೇನಯ್ಯಾ?"

ಜನ ನೋಡುತ್ತಿದ್ದರು. ಅವರ ಮುಂದೆ ನನ್ನ ಚೀಲ ತಪ್ಪೆಂದು ಹೇಗೆ ಒಪ್ಪುವುದು? ಆಗ ನನ್ನ ಬಾಯಿಂದ ಬಂತು ನೋಡಿ ಆ ಮಾತು: "ಲಾಭ ಲಾಭ ಅಂತ ಎಣಿಸಿ ಎಣಿಸಿ ಕೊನೆಗೆ ನಷ್ಟ ಮಾಡಿಬಿಟ್ಟ ನಮ್ಮ ಸಿದ್ದಪ್ಪ!"

ಹೊಲಕ್ಕೆ ಹೊಲವೇ ನಕ್ಕಿತು. ನಾನೂ ನಕ್ಕೆ. ಯಾರೋ ಎಳನೀರು ಕೊಚ್ಚಿಕೊಟ್ಟರು. ಅದನ್ನು ಕುಡಿಯುತ್ತ ನಾನು ಮರದ ಕೆಳಗೆ ಕೂತಿದ್ದರೆ, ಸಿದ್ದಪ್ಪ ಆ ಗೆರೆಯುದ್ದಕ್ಕೂ ಬಗ್ಗಿಕೊಂಡು, ಕೂಳೆಯನ್ನು ಕೈಯಲ್ಲಿ ಸರಿಸಿ ಸರಿಸಿ ಕಡ್ಡಿ ಹುಡುಕುತ್ತಿದ್ದ. ಹೊತ್ತು ಇಳಿಯುವವರೆಗೂ ಹುಡುಕಿದ. ಒಂದು ಸಲ ನೆಟ್ಟಗಾಗಿ ಸೊಂಟ ಹಿಡಿದುಕೊಂಡು ನನ್ನ ಕಡೆ ನೋಡಿದ. ನಾನು ಕೈಬೀಸಿ ಸಾಕು ಬಾ ಎಂದೆ. ಬಂದು, ಒಂಬತ್ತು ಕಡ್ಡಿಯನ್ನು ಹುರಿಯಲ್ಲಿ ಕಟ್ಟಿ ಕೈಯಲ್ಲಿ ಹಿಡಿದು, ಎಂದಿನಂತೆ ನನ್ನ ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಸ್ಸಿನವರೆಗೆ ಹೊತ್ತು ತಂದ.

ಮರುದಿನ ಮತ್ತೆ ಅಳೆದೆವು. ಹತ್ತೇ ಬಂತು. ಕಾಗದದಲ್ಲಿ ಹತ್ತು ಎಂದೇ ಬರೆದೆ, ಹೊಲದವರಿಗೆ ಅನ್ಯಾಯ ಆಗಲಿಲ್ಲ. ಆದರೆ ಮರುದಿನ ಆ ಇಪ್ಪತ್ತು ಮೂವತ್ತು ಜನ ಇರಲಿಲ್ಲ. ಮಾತು ಆಗಲೇ ನಮಗಿಂತ ಮುಂಚಿನ ಬಸ್ಸಿನಲ್ಲಿ ನಂಜನಗೂಡಿಗೆ ಬಂದಿತ್ತು. ಕಚೇರಿಯಲ್ಲಿ ಅವನು ನಷ್ಟದ ಸಿದ್ದಪ್ಪನಾದ. ಇನ್ನೊಂದು ಏನೆಂದರೆ, ಆ ಮರುದಿನದ ಅಳತೆಯಲ್ಲಿ ಅವನು ಲಾಭ ಎನ್ನಲಿಲ್ಲ. "ಒಂದು" ಎಂದ. ಮೆಲ್ಲಗೆ ಎಂದ. ಹಿಂದೆ ನಿಂತಿದ್ದ ನನಗೆ ಅದು ಸರಿಯಾಗಿ ಕೇಳಿಸಲೂ ಇಲ್ಲ.

ಅದೇ ವಾರ ಚೀಲ ಒಗೆಯಲು ಹಾಕುವಾಗ ಒಳಗಿನ ಬಟ್ಟೆ ಹರಿದಿದ್ದು ಕಂಡಿತು. ಕೈ ಹಾಕಿದೆ. ಅಸ್ತರಿಗೂ ಕ್ಯಾನ್ವಾಸಿಗೂ ನಡುವೆ, ಅಡ್ಡಡ್ಡ ಮಲಗಿಕೊಂಡು, ಕೆಂಪು ಬಟ್ಟೆಯ ಸಮೇತ, ಹತ್ತನೆಯ ಕಡ್ಡಿ.

ಆಗ ನಾನೇನು ಮಾಡಬೇಕಿತ್ತು ಎಂಬುದು ನಿಮಗೆ ಗೊತ್ತು, ನನಗೂ ಗೊತ್ತಿತ್ತು. ನಾಳೆ ಹೇಳೋಣ ಎಂದುಕೊಂಡು ಕಡ್ಡಿಯನ್ನು ಮೇಜಿನ ಡ್ರಾಯರಿಗೆ ಹಾಕಿದೆ. ನಾಳೆ ಮೇಲಿನ ಸಾಹೇಬರ ತಪಾಸಣೆ ಬಂತು. ನಾಡಿದ್ದು ಅವನಿಗೆ ರಜೆ. ಆಚೆ ವಾರ, ಈಗ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎನ್ನುವುದಿಲ್ಲವೇ ಎನಿಸಿತು. ಒಂದು ತಿಂಗಳಾದ ಮೇಲೆ, ಅವನೇ ಮರೆತಿರುತ್ತಾನೆ, ಕೆದಕುವುದು ಯಾಕೆ ಎಂದು ದೊಡ್ಡ ಮನಸ್ಸು ಮಾಡಿದೆ. ಅಷ್ಟರಲ್ಲಿ ಸಿದ್ದಪ್ಪ ತಿ. ನರಸೀಪುರಕ್ಕೆ ವರ್ಗ ಕೇಳಿ ಹಾಕಿಸಿಕೊಂಡ. ಹೊರಡುವ ದಿನ ಬಾಗಿಲಲ್ಲಿ ನಿಂತು "ಬತ್ತೀನಿ ಸಾ" ಎಂದ. ನಾನು ಕಾಗದದಿಂದ ತಲೆ ಎತ್ತದೆ ಹೂಂ ಎಂದೆ. ಹನ್ನೊಂದು ವರ್ಷವಾಯಿತು, ಬರಲಿಲ್ಲ.

"ಸಿದ್ದಪ್ಪ ಯಾಕ್ರೀ ಈಚೆಗೆ ಈ ಕಡೆ ಬರೋದೇ ಇಲ್ಲ?" ಎಂದು ಶಾರದೆ ಎಷ್ಟೋ ಸಲ ಕೇಳಿದಳು. ವರ್ಗವಾಯಿತಲ್ಲ ಎಂದೆ. "ನರಸೀಪುರ ಏನು ಲಂಡನ್ನಾ?" ಎಂದಳು. ಅವಳಿಗೂ ನಾನು ಹೇಳಲಿಲ್ಲ. ಅವಳು ತೀರಿಕೊಂಡಾಗಲೂ ಅವನಿಗೆ ತಿಳಿಸಲಿಲ್ಲ. ಯಾವ ಮುಖ ಇಟ್ಟುಕೊಂಡು ತಿಳಿಸಲಿ? ದೊಡ್ಡ ಲೋಟದ ಕಾಫಿ ಕೊಟ್ಟವಳ ಮಣ್ಣಿಗೆ ಅವನು ಬರಬೇಕಿತ್ತು, ನಾನು ಬರಗೊಡಲಿಲ್ಲ. ಇದು ನನ್ನನ್ನು ಈಗಲೂ ಸುಡುತ್ತದೆ. ನಿವೃತ್ತಿಯ ದಿನ ಡ್ರಾಯರು ಖಾಲಿ ಮಾಡುವಾಗ ಕಡ್ಡಿಯೂ ನನ್ನ ಜೊತೆ ಮನೆಗೆ ಬಂದಿತ್ತು. ಕಿಟಕಿಯ ಚಿಲಕ ಮುರಿದಾಗ ಇದಕ್ಕೊಂದು ಕೆಲಸ ಸಿಕ್ಕಿತು ಎಂದು ಸಿಕ್ಕಿಸಿದೆ. ಬೇರೆ ಮೊಳೆ ಮನೆಯಲ್ಲಿ ಇರಲಿಲ್ಲವೆಂದಲ್ಲ.

ಹೋದ ತಿಂಗಳು ಒಂದು ಮಧ್ಯಾಹ್ನ, ಲೋಕದ ವಿಮಾನ ನಿಲ್ದಾಣಗಳೆಲ್ಲ ಮುಗಿದವೋ, ನನಗೇ ಬೇಸರವಾಯಿತೋ, ಆ ಪುಟದಲ್ಲಿ ಸುಮ್ಮನೆ ನಂಜನಗೂಡು ಎಂದು ಹಾಕಿದೆ. ಇಲ್ಲಿ ವಿಮಾನ ನಿಲ್ದಾಣವಿಲ್ಲ, ಹತ್ತಿರದ್ದು ಮೈಸೂರು ಎಂದು ಅದು ತಾನೇ ತಿದ್ದಿಕೊಂಡಿತು. ಇನ್ನೊಂದು ಖಾಲಿ ಚೌಕದಲ್ಲಿ ತಿ. ನರಸೀಪುರ ಎಂದು ಹಾಕಿದೆ. ಬೆರಳು ಹಾಕಿತು ಎನ್ನುವುದು ಸರಿ. ಅಲ್ಲಿಯೂ ನಿಲ್ದಾಣವಿಲ್ಲ, ಹತ್ತಿರದ್ದು ಮೈಸೂರು ಎಂದಿತು. ಆಮೇಲೆ ಸ್ವಲ್ಪ ಹೊತ್ತು ಲೆಕ್ಕ ಹಾಕಿ ತೋರಿಸಿತು.

ಹಾರಾಟದ ದೂರ: ಸೊನ್ನೆ ಕಿಲೋಮೀಟರು. ಪ್ರಯಾಣದ ಸಮಯ: ಸೊನ್ನೆ ಗಂಟೆ ಸೊನ್ನೆ ನಿಮಿಷ.

ಒಬ್ಬನೇ ಜೋರಾಗಿ ನಕ್ಕೆ. ಎಂಥ ಪೆದ್ದ ಯಂತ್ರ! ನಕ್ಕು ಮುಗಿದ ಮೇಲೆ ಮನೆ ಮೊದಲಿಗಿಂತ ನಿಶ್ಶಬ್ದವಾಯಿತು. ಮೂವತ್ತು ವರ್ಷ ಅಳತೆಯ ಕೆಲಸ ಮಾಡಿದ ನನಗೆ ಗೊತ್ತಿತ್ತು, ನಂಜನಗೂಡಿನಿಂದ ನರಸೀಪುರಕ್ಕೆ ಒಂದು ಗಂಟೆಯ ಬಸ್ಸು. ನಮ್ಮ ಮನೆಯ ಹಿಂದೆ ಹರಿಯುವ ಕಪಿಲೆ ಕೂಡ ನೇರ ಅಲ್ಲಿಗೇ ಹೋಗಿ ಕಾವೇರಿಯನ್ನು ಸೇರುತ್ತಾಳೆ, ಯಾರ ಅಪ್ಪಣೆಯನ್ನೂ ಕೇಳದೆ. ಹೋಗದೆ ಇದ್ದವನು ನಾನೊಬ್ಬನೇ. ಕಿಟಕಿಯಿಂದ ಕಡ್ಡಿ ಕಿತ್ತುಕೊಂಡೆ.

ಮರುದಿನ ಬೆಳಿಗ್ಗೆ ಹೊರಟೆ. ಬರಿಗೈಯಲ್ಲಿ ಹೋಗಬಾರದೆಂದು ಬಸ್ ನಿಲ್ದಾಣದ ಹತ್ತಿರ ರಸಬಾಳೆ ಕೊಂಡೆ. ರಸಬಾಳೆ ಎಂದು ಅಂಗಡಿಯವನು ನಂಜುಂಡೇಶ್ವರನ ಮೇಲೆ ಆಣೆ ಮಾಡಿದ, ನಾನು ನಂಬಿದಂತೆ ಮಾಡಿದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ತಿದ್ದಿಕೊಂಡೆ. ಇಬ್ಬರೇ ಇರುವಾಗ, ಮೆಲ್ಲಗೆ, ಬೇರೆ ಮಾತಿನ ನಡುವೆ ಸಹಜವಾಗಿ ಬಂದಂತೆ ಹೇಳಿಬಿಡುವುದು ಎಂದು ಗೊತ್ತುಮಾಡಿದೆ.

ನರಸೀಪುರದಲ್ಲಿ ಕಚೇರಿಯವರನ್ನು ವಿಚಾರಿಸಿಕೊಂಡು ಹೋದೆ. ಹೊಳೆಯ ಕಡೆಗೆ ಹೋಗುವ ಒಂದು ಉದ್ದನೆಯ ಬೀದಿಯಲ್ಲಿ ಅವನ ಮನೆ. ಅವನ ಹೆಂಡತಿ ಚೆನ್ನಾಜಮ್ಮ ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನನ್ನನ್ನು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. "ಅಯ್ಯೋ ಸಾಯೇಬ್ರು! ಬನ್ನಿ ಬನ್ನಿ. ಅವ್ರಿಗೆ ಕಿವಿ ಮಂದ ಆಗದೆ, ವಸಿ ಜೋರಾಗ್ ಮಾತಾಡಿ" ಎಂದರು.

ಸಿದ್ದಪ್ಪ ಒಳಗಿಂದ ಬಂದ. ತಲೆ ಪೂರ್ತಿ ಬೆಳ್ಳಗಾಗಿತ್ತು, ಹಣೆಯ ವಿಭೂತಿ ಮಾತ್ರ ಹಾಗೇ ಇತ್ತು. ನನ್ನ ಕೈ ಹಿಡಿದುಕೊಂಡು ಜಗುಲಿಯ ಮೇಲೆ ಕೂರಿಸಿದ. "ಅವ್ವಾರು ಚೆನ್ನಾಗವ್ರಾ ಸಾ?" ಎಂದು ಶಾರದೆಯ ಬಗ್ಗೆ ಕೇಳಿದ. ಕಿವುಡರ ಜೋರು ದನಿ. ನಾನು ಕೈಯನ್ನು ಮೇಲಕ್ಕೆ ತೋರಿಸಿದೆ. ಅವನು ನನ್ನ ಕೈ ಬಿಡಲಿಲ್ಲ.

ನಾನು ಕಡ್ಡಿ ತೆಗೆದು ಅವನ ಅಂಗೈಯಲ್ಲಿಟ್ಟು ಮೆಲ್ಲಗೆ ಹೇಳಿದೆ. ಅವನು ಕಿವಿಗೆ ಕೈ ಹಚ್ಚಿ "ಆಂ?" ಎಂದ. ಇನ್ನೊಮ್ಮೆ ಹೇಳಿದೆ. "ಕೇಳ್ನಿಲ್ಲ ಸಾ, ಜೋರಾಗೇಳಿ."

ಬೇರೆ ದಾರಿ ಇರಲಿಲ್ಲ. ಎದ್ದುನಿಂತು ಕೂಗಿದೆ. "ಹದಿನಾರಲ್ಲಿ ಕಳೆದ ಕಡ್ಡಿ ಸಿದ್ದಪ್ಪ! ನನ್ನ ಚೀಲದಲ್ಲೇ ಇತ್ತು! ನೀನು ಸರಿಯಾಗೇ ಎಣಿಸಿದ್ದೆ! ತಪ್ಪು ನಂದು!"

ಎದುರು ಮನೆಯವರು ಬಾಗಿಲಿಗೆ ಬಂದರು. ನಲ್ಲಿಯ ಹತ್ತಿರ ಬಿಂದಿಗೆ ಹಿಡಿದವರು ತಿರುಗಿ ನೋಡಿದರು. ಅಷ್ಟು ಜನದ ಮುಂದೆ ಆಡಿದ ಮಾತಿಗೆ ಇಷ್ಟು ಜನದ ಮುಂದೆ ಕೂಗಿ ಲೆಕ್ಕ ಸರಿಮಾಡಬೇಕಾಯಿತು. ಮತ್ತೆ ಜಗುಲಿಯ ಮೇಲೆ ಕೂತೆ.

ಸಿದ್ದಪ್ಪ ಕಡ್ಡಿಯ ಬಟ್ಟೆಯನ್ನು ಹೆಬ್ಬೆರಳಲ್ಲಿ ಸವರಿದ. "ನಂಗೊತ್ತಿತ್ತು ಸಾ" ಎಂದ.

"ಏನು?"

"ಅವತ್ತೇ ಗೊತ್ತಿತ್ತು. ನಿಮ್ ಚೀಲ ಒತ್ಕಂಡ್ ಬಂದೋನ್ ನಾನಲ್ವಾ? ಕಡ್ಡಿ ಕಟ್ಟು ನನ್ ಕೈಲಿತ್ತು. ಚೀಲ್ದೊಳಗೆ ನಿಮ್ ಡಬ್ಬಿಗೆ ಅದು ಟಿಣ್ ಟಿಣ್ ಅಂತಿತ್ತು, ಬಸ್‌ಸ್ಟಾಂಡ್‌ಗಂಟ."

ಆಗಲೇ ಯಾಕೆ ಹೇಳಲಿಲ್ಲ ಎಂದು ಕೈಯಲ್ಲೇ ಕೇಳಿದೆ.

"ಜನ ಜೊತೆಲೇ ಬತ್ತಿದ್ರು. ಏಳಿದ್ರೆ ನಿಮ್ ಮಕ ಎಂಗಾಗದು? ನೀವೇ ಏಳ್ತೀರಿ, ನಾಳೆ ಏಳ್ತೀರಿ ಅಂತ ಕಾದೆ ಸಾ. ಆಮ್ಯಾಕೆ ಕಾಯಕ್ಕಾಗ್ನಿಲ್ಲ. ವರ್ಗ ಕೇಳ್ದೆ."

ಚೆನ್ನಾಜಮ್ಮ ಕಾಫಿ ತಂದರು. ಮೂವರೂ ಕುಡಿದೆವು. ಹನ್ನೊಂದು ವರ್ಷ ಅವನು ಸಿಟ್ಟಿನಲ್ಲಿದ್ದಾನೆಂದು ನಾನು ಹೆದರಿದ್ದೆ. ಅವನು ಕಾಯುತ್ತಿದ್ದ. ಅದನ್ನು ಕೇಳಿದ ಮೇಲೆ ಸಿಟ್ಟೇ ಆಗಿದ್ದರೆ ಚೆನ್ನಾಗಿತ್ತು ಎನಿಸಿತು. ಊಟಕ್ಕೆ ನಿಲ್ಲಿ ಎಂದರು. ನಿಂತೆ. ಮುದ್ದೆ, ಅವರೆಕಾಳಿನ ಸಾರು. ಅವನು ತನ್ನ ಮುದ್ದೆ ಅರ್ಧ ಮುರಿದು ನನ್ನ ತಟ್ಟೆಗೆ ಹಾಕಿದ, ನನಗೆ ಬೇರೆ ಬಡಿಸಿದ್ದರೂ.

ಇಳಿಹೊತ್ತಿಗೆ ಎದ್ದೆ. "ಬರ್ತೀನಿ" ಎಂದು ಕೂಗಿ ಬೀದಿಗಿಳಿದೆ. ಕಡ್ಡಿ ಅವನ ಹತ್ತಿರವೇ ಉಳಿಯಿತು. ಹತ್ತು ಹೆಜ್ಜೆ ನಡೆದಿರಬಹುದು, ಹಿಂದಿನಿಂದ ಒಂದು ದನಿ ಬಂತು.

"ಲಾಭಾ..."

ತಿರುಗಿ ನೋಡಿದೆ. ಸಿದ್ದಪ್ಪ ಬಾಗಿಲ ಮುಂದೆ ಬೀದಿಯ ನಡುವೆ ನಿಂತು, ಕಣ್ಣಳತೆಯಲ್ಲೇ ಮೂವತ್ತಮೂರು ಅಡಿ ಹಿಡಿದು, ನಾನು ದಾಟಿದ ಸರಪಳಿಯನ್ನು ಎಣಿಸುತ್ತಿದ್ದ. ಬೀದಿಯವರು ನೋಡುತ್ತಿದ್ದರು, ಅವನಿಗೆ ಅದರ ಪರಿವೆಯಿರಲಿಲ್ಲ. ನಾನು ಮುಂದೆ ನಡೆದೆ. ಈ ಸಲ ಅವನು ಹಿಂದೆ, ನಾನು ಮುಂದೆ. "ಎಲ್ಡೂ..." ಕಣ್ಣು ಮಂಜಾಯಿತು, ಆದರೂ ಹೆಜ್ಜೆ ಬಿಡದೆ ನಡೆದೆ. ಮೂರು, ನಾಲ್ಕು, ಐದು. ಮನೆಗೆ ಹೋದರೆ ಕಿಟಕಿ ಗಾಳಿಗೆ ಬಡಿದುಕೊಳ್ಳುತ್ತಿರುತ್ತದೆ, ಬಾಗಿಲು ತೆಗೆಯುವವರಿಲ್ಲ, ಒಂದು ಲೋಟ ಅಕ್ಕಿ. ಆರು, ಏಳು, ಎಂಟು. ತಿರುವು ಬಂತು. ಅದರಾಚೆ ಬಸ್ಸು ನಿಂತಿದ್ದು ಕಂಡಿತು, ಕಂಡಕ್ಟರು ನಂಜನಗೂಡು ನಂಜನಗೂಡು ಎನ್ನುತ್ತಿದ್ದ.

"ಒಂಬತ್ತೂ..."

ಆ ತಿರುವಿಗೆ ಹೊರಳಿಬಿಟ್ಟರೆ ಅವನ ಕಣ್ಣಿಗೆ ಮರೆಯಾಗುತ್ತೇನೆ, ಎಣಿಕೆ ಮತ್ತೆ ಒಂಬತ್ತಕ್ಕೇ ನಿಲ್ಲುತ್ತದೆ. ಬಸ್ಸು ಹೋದರೆ ಹೋಗಲಿ ಎಂದು ತಿರುವು ಬಿಟ್ಟು ಬೀದಿಯಲ್ಲೇ ನೆಟ್ಟಗೆ ಇನ್ನೊಂದು ಸರಪಳಿ ನಡೆದೆ. ನಿಂತು, ಅವನ ಕಡೆ ತಿರುಗಿ, ಕೈ ಎತ್ತಿ ಹಿಡಿದುಕೊಂಡು ಕಾದೆ. ಹತ್ತು ಎಂದು ಅವನು ಕೂಗಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.